ಪರದೆಯಮ್ಮ ಮನೆಯೊಡತಿಯಾದದ್ದು

ಇಪ್ಪತ್ತೆರಡು ವರ್ಷ ಅವಳು ಬೇರೆಯವರ ಕಿಟಕಿಗಳ ಮುಂದೆ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ, ಕಿವಿಯ ಹಿಂದೆ ಒಂದು ಮೋಟು ಪೆನ್ಸಿಲ್ಲು. ಮನೆಯವರ ಕುರ್ಚಿಯನ್ನೇ ಕೇಳಿ ಪಡೆದು, ಅದರ ಮೇಲೆ ಹಳೇ ಪೇಪರು ಹಾಸಿ, ಹತ್ತಿ ನಿಂತು ಸರಳಿನಿಂದ ನೆಲದವರೆಗೆ ಅಳೆಯುವಳು. ಅಗಲಕ್ಕೆ ಎರಡರಷ್ಟು ಬಟ್ಟೆ ಬೇಕು, ಇಲ್ಲದಿದ್ದರೆ ನಿರಿಗೆ ಕೂರುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಹೇಳುವಳು. ಒಂದೂವರೆಯಷ್ಟರಲ್ಲಿ ಮುಗಿಸೋಕಾಗಲ್ವಾ ಎಂದು ಪ್ರತಿ ಮನೆಯವರೂ ಕೇಳುವರು. ಬೀದಿಯವರೆಲ್ಲ ಅವಳನ್ನು ಪರದೆಯಮ್ಮ ಎನ್ನುತ್ತಿದ್ದರು. ಮನೆಯಲ್ಲಿ ಗಂಡನೂ ಒಮ್ಮೊಮ್ಮೆ ಹಾಗೇ ಕರೆದು, ಅವಳು ತಿರುಗಿ ನೋಡಿದ ಮೇಲೆ ನಗುತ್ತಿದ್ದ.

ಸುಮ್ಮನೆ ಕೂರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ, ನಿಜ. ಆದರೆ ನಲವತ್ತಾರರ ವಯಸ್ಸಿನಲ್ಲಿ ಅವಳಿಗೆ ಹತ್ತಿದ ಚಡಪಡಿಕೆ ಬೇರೆಯದು. ಅದು ಶುರುವಾದದ್ದು ಹಲ್ಲಿನ ಡಾಕ್ಟರರ ಹೆಂಡತಿಯಿಂದ.

ಆಕೆ ಒಂದು ಖಾಲಿ ಮನೆಗೆ ನಾಲ್ಕು ಕಿಟಕಿಯ ಪರದೆ ಹೊಲಿಸಿದ್ದರು. ಬೂದು ಬಣ್ಣದ ದಪ್ಪ ಬಟ್ಟೆ, ಒಳಗೆ ಬಿಳಿ ಅಸ್ತರು. ಪರದೆಯಮ್ಮ ಅದರ ಅಂಚನ್ನು ಮೆಷಿನ್ನಿಗೆ ಕೊಡದೆ ಕೈಯಲ್ಲೇ ಹೊಲಿದಿದ್ದಳು. ವರ್ಷ ತಿರುಗುವುದರೊಳಗೆ ಅದೇ ಹೆಂಗಸು ಇನ್ನೊಂದು ಖಾಲಿ ಮನೆಗೆ ಕರೆದರು.

"ಆ ಮನೆ ಏನಾಯ್ತು ಮೇಡಂ?"

"ಮಾರಿಬಿಟ್ವಿ. ನಿಮ್ಮ ಪರದೆ ಸಮೇತ. ತಗೊಂಡವರಿಗೆ ಪರದೆ ತುಂಬಾ ಇಷ್ಟ ಆಯ್ತು."

"ಮತ್ತೆ ಅಲ್ಲಿ ನೀವು ಇರಲೇ ಇಲ್ವಾ?"

"ಇರೋದಕ್ಕೆ ನಮಗೆ ಮನೆ ಇದೆಯಲ್ಲ!" ಎಂದು ಆಕೆ ಬೆರಗಿನಿಂದಲೇ ಹೇಳಿದರು.

ಪರದೆಯಮ್ಮ ಕುರ್ಚಿಯ ಮೇಲೆ ನಿಂತವಳು ನಿಂತೇ ಇದ್ದಳು. ಅಳತೆ ಬರೆದುಕೊಳ್ಳುವುದನ್ನು ಮರೆತು ಮತ್ತೆ ಮೊದಲಿನಿಂದ ಅಳೆದಳು. ಮನೆ ಎಂದರೆ ಇರುವುದಕ್ಕೆ ಎಂದೇ ಅಂದುಕೊಂಡಿದ್ದವಳು ಅವಳು. ಇರುವುದಕ್ಕಲ್ಲದೆ ಇಟ್ಟುಕೊಳ್ಳುವುದಕ್ಕೂ ಮನೆ ಕೊಳ್ಳಬಹುದು, ತಾನು ನಿದ್ದೆ ಮಾಡುವಾಗಲೂ ಅದು ಎಲ್ಲೋ ನಿಂತು ದುಡಿಯುತ್ತಿರುತ್ತದೆ ಎನ್ನುವುದು ಅಂದು ಅವಳ ತಲೆಯೊಳಗೆ ಹೊಕ್ಕಿತು. ಆಮೇಲೆ ಹೊರಬರಲಿಲ್ಲ.

ಗಂಡ ಬಸ್ ಡಿಪೋದಲ್ಲಿ ಬಸ್ಸು ಹೊರಡುವ, ಬರುವ ಹೊತ್ತು ಬರೆದುಕೊಳ್ಳುವವನು. ಅವಸರ ಎನ್ನುವುದನ್ನು ಅವನು ಬೇರೆಯವರಲ್ಲಿ ಮಾತ್ರ ನೋಡಿದ್ದ.

"ಒಂದು ಚಿಕ್ಕ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡೋಣ," ಎಂದಳು. "ನನ್ನ ಠೇವಣಿ ಇದೆ. ಉಳಿದದ್ದಕ್ಕೆ ಬ್ಯಾಂಕಿನವರು ಕೊಡ್ತಾರಂತೆ. ಕಂತಿಗೆ ಬಾಡಿಗೆನೇ ಸಾಕಾಗತ್ತೆ."

"ನೋಡೋಣ. ಒಂದು ಹೋದ್ರೆ ಹಿಂದೆ ಇನ್ನೊಂದು ಬರತ್ತೆ."

"ಅದು ಬಸ್ಸಲ್ಲ!"

ಭಾನುವಾರಗಳೆಲ್ಲ ಮನೆ ನೋಡುವುದಕ್ಕೇ ಹೋದವು. ದಲ್ಲಾಳಿಯ ಸ್ಕೂಟರಿನ ಹಿಂದೆ ಕೂತು ಊರಿನ ಆ ತುದಿಯಿಂದ ಈ ತುದಿಗೆ ತಿರುಗಿದಳು. ಒಂದು ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಹಿಡಿಯಬೇಕು. ಇನ್ನೊಂದರ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತಿತ್ತು. ಒಂದು ಚೆನ್ನಾಗಿತ್ತು, ಅದನ್ನು ಹಿಂದಿನ ದಿನವೇ ಯಾರೋ ಹಿಡಿದಿದ್ದರು. ಹತ್ತೊಂಬತ್ತನೇ ಮನೆಯ ಹೊತ್ತಿಗೆ ದಲ್ಲಾಳಿಯ ಮುಖ ಹುಳ್ಳಗಾಗಿತ್ತು. ಬೇರೆ ದಲ್ಲಾಳಿಗಳ ಹತ್ತಿರ ಅವನು ತನ್ನನ್ನು 'ನೋಡೋ ಅಮ್ಮ' ಎನ್ನುತ್ತಾನೆಂದು ಅವಳ ಕಿವಿಗೂ ಬಿತ್ತು. ಅವಮಾನವಾಯಿತು. ಅಂದಿನಿಂದ ಮನೆ ಕೊಳ್ಳುವ ಆಸೆಯ ಜೊತೆಗೆ, ಆ ಮನುಷ್ಯನಿಗೆ ಕೊಂಡು ತೋರಿಸಬೇಕೆಂಬ ಹಟವೂ ಸೇರಿಕೊಂಡಿತು.

ಇಪ್ಪತ್ತನೆಯದು ಕೆಳಗೆ ಔಷಧಿ ಅಂಗಡಿಯಿದ್ದ ಹಳೇ ಕಟ್ಟಡದ ಎರಡನೇ ಮಹಡಿ. ಒಂದು ಕೋಣೆ, ಒಂದು ಹಜಾರ, ಅಡುಗೆಮನೆ, ಬಚ್ಚಲು. ಹಜಾರದಲ್ಲಿ ಒಂದು ಕಿಟಕಿ ಇತ್ತು. ಗೋಡೆಯ ಉದ್ದಕ್ಕೂ ಕಿಟಕಿ! ಹಳೇ ಕಾಲದ ಮರದ ಚೌಕಟ್ಟು, ಕೆಳಗೆ ಕೂರುವಷ್ಟು ಅಗಲದ ಕಟ್ಟೆ. ಬೆಳಗಿನ ಬಿಸಿಲು ನೆಲದ ಮೇಲೆ ಕಂಬಳಿಯ ಹಾಗೆ ಬಿದ್ದಿತ್ತು. ಒಳಗೆ ಬಾಡಿಗೆಗಿದ್ದವಳು ಆಸ್ಪತ್ರೆಯ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವಳು, ಊದಿದ ಕಣ್ಣಲ್ಲಿ ಬಾಗಿಲು ತೆಗೆದು, "ನೋಡ್ಕೊಳ್ಳಿ" ಎಂದು ಗೋಡೆಗೆ ಒರಗಿ ನಿಂತಳು. ಪರದೆಯಮ್ಮ ಕೊರಳಿನ ಟೇಪು ತೆಗೆದು ಕಿಟಕಿಯನ್ನು ಅಳೆದೇ ಅಳೆದಳು. ಬಚ್ಚಲಿನ ಬಾಗಿಲನ್ನು ಒಂದು ಸಲ ತೆಗೆದು ಮುಚ್ಚಿದಳು, ಅಷ್ಟೇ.

"ಬಾಡಿಗೆದಾರರು ಒಳಗೇ ಇದ್ದಾರೆ. ನೀವು ಹುಡುಕೋ ಕೆಲಸ ಇಲ್ಲ," ಎಂದ ದಲ್ಲಾಳಿ. "ಇನ್ನಿಬ್ಬರು ನಾಳೆ ಬರ್ತಾ ಇದ್ದಾರೆ."

ಆ ಇನ್ನಿಬ್ಬರು ಇದ್ದರೋ ಇಲ್ಲವೋ, ಅವಳ ಮೈಮೇಲೆ ಮಾತ್ರ ಇರುವೆ ಬಿಟ್ಟ ಹಾಗಾಯಿತು.

ಸಂಜೆಯೇ ಓರಗಿತ್ತಿಯ ಮನೆಗೆ ಓಡಿದಳು. ಓರಗಿತ್ತಿ ಎಂದರೆ ಮೈದುನನ ಹೆಂಡತಿ, ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಯಾವ ಕಾಗದ ಬಂದರೂ ಹಿಂಬದಿ ತಿರುಗಿಸಿ ಸಣ್ಣ ಅಕ್ಷರ ಓದುವವಳು. ಇಬ್ಬರೂ ಸೇರಿ ಏನಾದರೂ ಕೊಳ್ಳೋಣ ಎಂದು ಮೊದಲಿನಿಂದ ಮಾತಿತ್ತು.

"ಅರ್ಧ ನನ್ನದು, ಸರಿ," ಎಂದಳು ಓರಗಿತ್ತಿ. "ಆದ್ರೆ ಒಂದು ವಾರ ಕೊಡಿ ಅಕ್ಕ. ಪತ್ರಗಳ ನಕಲು ತರಿಸಿ ಓದ್ತೀನಿ. ಮೇಲೆ ಕೆಳಗೆ ಇರೋರನ್ನ ವಿಚಾರಿಸೋಣ. ಎರಡು ತಿಂಗಳು ಖಾಲಿ ಬಿದ್ರೆ ಕಂತು ಹೇಗೆ ಅಂತ ಯೋಚನೆ ಮಾಡೋಣ."

"ಅಷ್ಟರಲ್ಲಿ ಹೋಗಿಬಿಡತ್ತೆ ಕಣೆ."

"ಹೋದ್ರೆ ಹೋಗ್ಲಿ."

ಗಂಡನ ಮಾತನ್ನೇ ಇವಳೂ ಆಡುತ್ತಾಳಲ್ಲ ಎಂದು ಪರದೆಯಮ್ಮನಿಗೆ ಮೈ ಉರಿಯಿತು. ಎರಡು ದಿನ ಹೇಗೋ ಕಳೆದಳು. ಒಂದು ಮನೆಯ ಪರದೆಯನ್ನು ಆರಿಂಚು ಗಿಡ್ಡ ಕತ್ತರಿಸಿದಳು, ಹಿಂದೆಂದೂ ಹಾಗೆ ಮಾಡಿದವಳಲ್ಲ. ಮೂರನೇ ದಿನ ಬೆಳಿಗ್ಗೆ ಹೋಗಿ ಮುಂಗಡ ಕೊಟ್ಟುಬಂದಳು. ಪತ್ರಗಳನ್ನು ಬ್ಯಾಂಕಿನ ವಕೀಲರು ನೋಡಿ ಸರಿಯಿದೆ ಎಂದರು. ಸಾಲ ಬಂತು, ನೋಂದಣಿಯಾಯಿತು, ಬೀಗದ ಕೈ ಒಂದು ಜೊತೆ ಅವಳ ಸೆರಗಿನ ಗಂಟಿಗೆ ಸೇರಿತು. ಓರಗಿತ್ತಿ ಫೋನಿನಲ್ಲಿ "ಒಳ್ಳೇದಾಯ್ತು" ಎಂದಷ್ಟೇ ಹೇಳಿ ಇಟ್ಟಳು. ಆ ಒಂದು ಮಾತಿನ ಹಿಂದೆ ಎಷ್ಟು ಮುನಿಸಿತ್ತು ಎಂದರೆ, ಮುಂದಿನ ನಾಲ್ಕು ತಿಂಗಳು ಅವಳು ಇತ್ತ ತಲೆ ಹಾಕಲಿಲ್ಲ.

ಕೊಂಡ ಮೇಲೆ ನೆಮ್ಮದಿಯಾಗಬೇಕಿತ್ತು. ಆಗಿದ್ದೇ ಬೇರೆ. ಬಾಡಿಗೆಗೆ ಕೊಟ್ಟ ಮನೆಯನ್ನು ಕೊಂಡವಳಿಗೆ ಮಾಡಲು ಕೆಲಸವೇ ಇರಲಿಲ್ಲ! ಸಂಪಾದಿಸುವ ವಸ್ತು ಅಲ್ಲಿ, ತಾನು ಇಲ್ಲಿ. ನಲ್ಲಿ ಸರಿ ತಿರುಗುತ್ತಿದೆಯೋ, ಸ್ವಿಚ್ಚು ಬಿಸಿಯಾಗುತ್ತಿದೆಯೋ, ನರ್ಸು ಗೋಡೆಗೆ ಮೊಳೆ ಹೊಡೆದಳೋ ಎಂದು ಯೋಚನೆ. ಮೊದಲ ವಾರ ಕಿಟಕಿಯ ಕೊಂಡಿ ನೋಡುವ ನೆಪದಲ್ಲಿ ಹೋದಳು. ಎರಡನೇ ವಾರ ಆ ಕಿಟಕಿಗೆ ಹೊಲಿಯಬೇಕಿದ್ದ ಪರದೆಯ ಅಳತೆ ತಪ್ಪಿರಬಹುದು ಎಂದು. ಆಮೇಲೆ ಈ ಕಡೆ ಬಂದಿದ್ದೆ ಎಂದು. ಅವಳು ಬರುವುದು ಹನ್ನೊಂದು ಗಂಟೆಗೆ. ನರ್ಸಿಗೆ ಅದು ನಡುರಾತ್ರಿಯ ಲೆಕ್ಕ.

"ನಮ್ಮ ಡಿಪೋದಲ್ಲಿ ಹೊರಗೆ ಹೋದ ಬಸ್ಸಿನ ಹಿಂದೆ ಯಾರಾದ್ರೂ ಓಡ್ತಾರಾ?" ಎಂದ ಗಂಡ, ತನ್ನನ್ನೇ ಕೇಳಿಕೊಂಡಂತೆ.

"ನಿಮಗೇನ್ರಿ, ಪುಸ್ತಕ ಮುಚ್ಚಿ ಬರ್ತೀರಿ."

ಏಳನೇ ಸಲ ಹೋದಾಗ ಬಚ್ಚಲಲ್ಲಿ ಒಂದು ಬಕೆಟ್ಟು ಕಂಡಿತು. ನಲ್ಲಿಯ ಕೆಳಗಲ್ಲ, ನಡು ನೆಲದಲ್ಲಿ. ಟಪ್ ಎಂದು ಒಂದು ಹನಿ ಬಿತ್ತು. ಪರದೆಯಮ್ಮ ತಲೆಯೆತ್ತಿದಳು. ಚಾವಣಿಯ ಮೂಲೆಯಲ್ಲಿ ಬಣ್ಣ ಉಬ್ಬಿ, ಹಪ್ಪಳದಂತೆ ಸುರುಳಿ ಸುತ್ತಿ ನೇತಾಡುತ್ತಿತ್ತು. ಅದರಾಚೆ ಹಸಿರು ಮಿಶ್ರಿತ ಕಪ್ಪು ಕಲೆ ಗೋಡೆಯ ಅರ್ಧಕ್ಕೆ ಇಳಿದಿತ್ತು.

"ಇದು ಯಾವಾಗಿಂದ?"

"ಎರಡು ವರ್ಷದಿಂದ," ಎಂದಳು ನರ್ಸು. "ಮೊದಲಿನ ಓನರ್ರು ಮಾರೋ ಮುಂಚೆ ಬಣ್ಣ ಹೊಡೆಸಿದ್ರು. ಅದು ಈಗ ಎದ್ದಿದೆ. ಮೇಲಿನ ಮನೆ ಪೈಪು."

"ನನಗೆ ಹೇಳ್ಬಾರದಿತ್ತಾ ತಾಯಿ?"

"ನೀವು ಕೇಳ್ಲಿಲ್ಲ. ಬಂದ ದಿನ ಪೂರ್ತಿ ಕಿಟಕಿ ನೋಡ್ತಾ ಇದ್ರಿ. ನನಗೂ ನಿದ್ದೆಗಣ್ಣು."

ಸಾವಿರ ಮನೆ ಹೊಕ್ಕವಳು, ಒಂದರ ಚಾವಣಿಯನ್ನೂ ನೋಡಿರಲಿಲ್ಲ. ಹೊರಗೆ ಬಂದು ನಾಲ್ಕು ಮೆಟ್ಟಿಲು ಇಳಿದಳು. ಆಮೇಲೆ ಇಳಿಯುವುದನ್ನು ಬಿಟ್ಟು ಹತ್ತಿದಳು.

ಮೇಲಿನ ಮನೆಯಲ್ಲಿ ಇದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬಾಗಿಲನ್ನು ಸರಪಳಿ ಬಿಡುವಷ್ಟೇ ತೆಗೆದು, "ನಮ್ಮ ಬಚ್ಚಲು ಒಣಗಿಕೊಂಡಿದೆ," ಎಂದರು. ಮರುದಿನ ಹೋದಳು. "ನಿಮ್ಮ ನೀರು ನಿಮ್ಮದೇ ಪೈಪಿಂದು," ಎಂದರು. ಅದರ ಮರುದಿನ ಬಾಗಿಲನ್ನೇ ತೆಗೆಯಲಿಲ್ಲ. ಅವಳು ಬಿಡಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಹೊಲಿಗೆ, ಮೇಲಿನ ಮನೆ, ಕೆಳಗಿನ ಮನೆ ಎಂದು ತಿರುಗಿದಳು. ಪ್ಲಂಬರನೊಬ್ಬನನ್ನು ಕರೆತಂದರೆ ಅವನು ಚಾವಣಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದು, ಒಂದು ಅಂಗೈ ಗಾತ್ರದ ಗಾರೆ ಕೆಳಕ್ಕೆ ಬೀಳಿಸಿ, "ಮೇಲಿನ ನೆಲ ಒಡೀಬೇಕು," ಎಂದು ಹೇಳಿ ಹೋದ.

ಒಂಬತ್ತನೇ ದಿನ ಕರೆಗಂಟೆ ಒತ್ತಿದಾಗ ನರ್ಸು ಬಾಗಿಲು ತೆಗೆದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

"ಅಮ್ಮ, ಆ ಹನಿ ಶಬ್ದ ನನಗೆ ಅಭ್ಯಾಸ ಆಗಿದೆ. ನಿಮ್ಮ ಗಂಟೆ ಶಬ್ದ ಆಗ್ತಾ ಇಲ್ಲ. ನಿನ್ನೆ ರಾತ್ರಿ ಡ್ಯೂಟಿನಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡೋದ್ರಲ್ಲಿದ್ದೆ. ನೋಡಿ, ಈ ಮನೆಯಲ್ಲಿ ಒಂದೋ ನೀವಿರಿ, ಇಲ್ಲ ನಾನಿರ್ತೀನಿ."

ಪರದೆಯಮ್ಮ ಬಂದ ದಾರಿಯಲ್ಲೇ ತಿರುಗಿದಳು. ಮೆಟ್ಟಿಲ ಮೇಲೆ ಕೂತಳು. ತಾನು ಮನೆ ಕೊಂಡದ್ದೋ, ಮನೆಯೇ ತನ್ನನ್ನು ಕೊಂಡದ್ದೋ ತಿಳಿಯದೆ ಬಹಳ ಹೊತ್ತು ಕೂತಿದ್ದಳು. ಔಷಧಿ ಅಂಗಡಿಯವನು ಮೇಲೆ ಬಂದು ನೀರು ಬೇಕಾ ಎಂದು ಕೇಳಿದ. ಬೇಡವೆಂದು ಎದ್ದು, ನೇರ ಓರಗಿತ್ತಿಯ ಶಾಲೆಗೆ ನಡೆದಳು.

ಓರಗಿತ್ತಿ ಕಡತಗಳ ಹಿಂದಿನಿಂದ ತಲೆಯೆತ್ತಿ ಎದುರಿನ ಕುರ್ಚಿ ತೋರಿಸಿದಳು. ಪರದೆಯಮ್ಮ ಎಲ್ಲ ಹೇಳಿದಳು. ಮುಂಗಡ ಕೊಟ್ಟಿದ್ದು ತಪ್ಪಾಯಿತು ಎಂದೂ ಹೇಳಿದಳು.

"ಮುಂಗಡ ಕೊಟ್ಟಿದ್ದಕ್ಕಲ್ಲ ಅಕ್ಕ ನನಗೆ ಬೇಜಾರು. ಫೋನ್ ಮಾಡಿ ಹೇಳಿದ್ರಲ್ಲ, ಪಕ್ಕದ ಮನೆಯವರಿಗೆ ಹೇಳೋ ಹಾಗೆ." ಅಷ್ಟು ಹೇಳಿ ಕನ್ನಡಕ ಒರೆಸಿಕೊಂಡಳು. "ಕಟ್ಟಡದ ಸಂಘದ ನಿಯಮಾವಳಿ ಅಂತ ಒಂದು ಪುಸ್ತಕ ಕೊಟ್ಟಿರಬೇಕಲ್ಲ, ಎಲ್ಲಿ?"

ಅದು ಹೊಲಿಗೆ ಮೆಷಿನ್ನಿನ ಒಂದು ಕಾಲಿನ ಕೆಳಗಿತ್ತು, ಅಲುಗದಿರಲಿ ಎಂದು.

ಓರಗಿತ್ತಿ ಅದನ್ನು ಎರಡು ದಿನ ಓದಿದಳು. ಎರಡು ಮಹಡಿಗಳ ನಡುವಿನ ಪೈಪು ಯಾರೊಬ್ಬರದೂ ಅಲ್ಲ, ಇಡೀ ಕಟ್ಟಡದ್ದು. ದುರಸ್ತಿ, ಅದಕ್ಕೆ ಒಡೆದ ನೆಲ ಸಮೇತ, ಸಂಘದ ನಿಧಿಯಿಂದ ಆಗಬೇಕು ಎಂದು ಇಪ್ಪತ್ತೇಳನೇ ಪುಟದಲ್ಲಿತ್ತು. ಇಬ್ಬರೂ ಒಟ್ಟಿಗೆ ಮೇಷ್ಟ್ರ ಮನೆಗೆ ಹೋದರು, ಸಂಜೆ ಐದಕ್ಕೆ, ಮೊದಲೇ ಹೇಳಿ. ಪುಟ ನೋಡಿದ ಮೇಲೆ ಮೇಷ್ಟ್ರು ಸರಪಳಿ ತೆಗೆದರು. ನೆಲ ಒಡೆದರೆ ಹೊಸದಾಗಿ ಹಾಕಿಸುವ ಖರ್ಚು ತಮ್ಮ ತಲೆಗೆ ಬರುತ್ತದೆಂಬ ಹೆದರಿಕೆಗೇ ಅವರು ಇಷ್ಟು ದಿನ ಮೊಂಡು ಹಿಡಿದದ್ದು. ಪಿಂಚಣಿಯಲ್ಲಿ ಅದು ಆಗದ ಮಾತಾಗಿತ್ತು. "ಮೊದಲೇ ಹೀಗಂದಿದ್ರೆ..." ಎಂದು ಗೊಣಗಿದರು.

ಕೆಲಸ ಹದಿನೆಂಟು ದಿನ ಹಿಡಿಯಿತು. ಅಷ್ಟು ದಿನವೂ ನರ್ಸು ಹಾಸ್ಟೆಲಿನಲ್ಲಿದ್ದಳು, ಆ ತಿಂಗಳ ಬಾಡಿಗೆಯನ್ನು ಪರದೆಯಮ್ಮ ಬಿಟ್ಟಳು. ಚಾವಣಿಗೆ ಗಾರೆ ಹಾಕಿಸುವುದು ಸಂಘದ ಪಾಲಿಗೆ ಬರಲಿಲ್ಲ. ಮೊದಲ ವರ್ಷ ಕೈಗೆ ಉಳಿದದ್ದು ಏನೂ ಇಲ್ಲ. ಎರಡು ಕಂತಿಗೆ ಹೊಲಿಗೆಯ ದುಡ್ಡೇ ಹೋಯಿತು. ನರ್ಸು ವಾಪಸ್ಸು ಬಂದಳು. ತಿಂಗಳಿಗೊಂದು ಸಲ, ಸಂಜೆ, ಫೋನು ಮಾಡಿ ಬರುವುದು ಎಂದು ಒಪ್ಪಂದವಾಯಿತು. ಮೊದಲ ತಿಂಗಳು ಪರದೆಯಮ್ಮ ಆ ಬೀದಿಯ ಹತ್ತಿರ ಹೋಗದಿರಲು ಬಸ್ಸು ಬದಲಾಯಿಸಿ, ಸುತ್ತು ಹಾಕಿ ಹೋದಳು. ಅದನ್ನು ಕೇಳಿ ಗಂಡ ಊಟದ ತಟ್ಟೆಯ ಮೇಲೆ ಬಗ್ಗಿ ಬಗ್ಗಿ ನಕ್ಕ.

ಈಗ ಮೂರು ವರ್ಷ. ಕಂತು ಬಾಡಿಗೆಯಲ್ಲೇ ಹೋಗುತ್ತದೆ, ಸ್ವಲ್ಪ ಮಿಗುತ್ತದೆ ಕೂಡ. ಚಡಪಡಿಕೆ ಹೋಗಿದೆಯೇ ಎಂದರೆ ಇಲ್ಲ. ಎರಡನೆಯದನ್ನು ಓರಗಿತ್ತಿಯ ಜೊತೆ ಅರ್ಧರ್ಧಕ್ಕೆ ಹುಡುಕುತ್ತಿದ್ದಾಳೆ. ಹೊಸ ಮನೆಗೆ ಕಾಲಿಟ್ಟರೆ ಮೊದಲು ಬಚ್ಚಲಿಗೆ ನುಗ್ಗಿ ತಲೆಯೆತ್ತಿ ನಿಲ್ಲುತ್ತಾಳೆ. ಕತ್ತು ನೋವು ಬಂದು ಎರಡು ಸಲ ಎಣ್ಣೆ ಹಚ್ಚಿಸಿಕೊಂಡಿದ್ದಾಳೆ. ಪರದೆ ಹೊಲಿಸುವವರ ಮನೆಯಲ್ಲೂ ಅದೇ ಚಾಳಿ. ಮೊನ್ನೆ ಒಂದು ಮನೆಯಲ್ಲಿ ಅಳತೆ ತೆಗೆದುಕೊಂಡವಳು, ಹೊರಡುವ ಮುಂಚೆ ಯಜಮಾನರನ್ನು ಕರೆದು, "ನಿಮ್ಮ ಸಿಂಕಿನ ಮೇಲೆ ಹಳದಿ ಗೆರೆ ಇದೆ, ಈ ವಾರವೇ ತೋರಿಸಿ," ಎಂದಳಂತೆ.

"ನೀವು ಪರದೆ ಹೊಲಿಯೋರಲ್ವಾ?" ಎಂದು ಅವರು ಕೇಳಿದರು.

"ಹೌದು," ಎಂದು ಚಪ್ಪಲಿ ಮೆಟ್ಟಿಕೊಂಡಳು. ಕೆಳಗೆ ಓರಗಿತ್ತಿ ಆಟೋದಲ್ಲಿ ಕಾಯುತ್ತಿದ್ದಳು. ಆರೂವರೆಗೆ ಒಂದು ಅಂಗಡಿ ಮಳಿಗೆ ನೋಡುವುದಿತ್ತು, ಆಗಲೇ ಆರು ಇಪ್ಪತ್ತಾಗಿತ್ತು.