ಹತ್ತಕ್ಕೆ ನಾಲ್ಕು ಎಂದ ಲಾಂಡ್ರಿಯಮ್ಮ

ಆಸ್ಪತ್ರೆಯ ಹಿಂಬದಿಯಲ್ಲಿ, ಬಾಯ್ಲರಿನ ಪಕ್ಕ, ಬಟ್ಟೆ ಒಗೆಯುವ ಕೋಣೆ. ಅಲ್ಲಿ ಇಪ್ಪತ್ತೆರಡು ವರ್ಷ ದುಡಿದ ಹೆಂಗಸನ್ನು ಬೀದಿಯವರು ಲಾಂಡ್ರಿಯಮ್ಮ ಎಂದೇ ಕರೆಯುತ್ತಿದ್ದರು. ಓದಿದ್ದು ಮೂರನೇ ಕ್ಲಾಸು. ಜಂಬ ಮಾತ್ರ ದೊಡ್ಡ ಡಾಕ್ಟರಿಗಿಂತ ಒಂದು ಗೇಣು ಹೆಚ್ಚು. ಈಗ ಅವಳೇ ಆ ಜಂಬದ ಕಥೆ ತೆಗೆದು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆಗ ನಗುವ ಹೊತ್ತಾಗಿರಲಿಲ್ಲ.

ಆ ವರ್ಷ ಊರಿಗೆ ಹೊಸ ಜ್ವರವೊಂದು ಬಂದಿತ್ತು. ಜ್ವರದ ವಾರ್ಡಿನಿಂದ ಬರುವ ಹಾಸಿಗೆ ಬಟ್ಟೆಗೆ ಒಂದು ಪದ್ಧತಿ ಮಾಡಿದ್ದರು. ರೋಗಿ ಗುಣವಾಗಿ ಮನೆಗೆ ಹೋದರೆ ಮೂಟೆಗೆ ಒಂದು ಗಂಟು. ತೀರಿಕೊಂಡರೆ ಎರಡು ಗಂಟು, ಅದನ್ನು ಬೇರೆಯಾಗಿ ಕುದಿಸಬೇಕು. ಲಾಂಡ್ರಿಯಮ್ಮ ಎರಡು ವಾರ ಕೂತು ಗಂಟು ಎಣಿಸಿದಳು. ಹತ್ತು ಮೂಟೆ ಬಂದರೆ ನಾಲ್ಕಕ್ಕೆ ಎರಡು ಗಂಟು. ಇನ್ನೇನು ಬೇಕು? ಈ ಜ್ವರ ಬಂದರೆ ಹತ್ತಕ್ಕೆ ನಾಲ್ಕು ಜನ ಹೋಗುತ್ತಾರೆ ಎಂದು ನಲ್ಲಿಯ ಹತ್ತಿರ ನಿಂತು ಸಾರಿಬಿಟ್ಟಳು.

ಅವತ್ತಿನಿಂದ ಅವಳಿಗೆ ಕೊಂಬು ಬಂತು. ಕೊಡ ತುಂಬಿದರೂ ಹೆಂಗಸರು ಕದಲುತ್ತಿರಲಿಲ್ಲ. ಪಕ್ಕದ ಮನೆಯ ಟೈಲರ್ ತಾನು ನಾಲ್ಕರಲ್ಲೋ ಆರರಲ್ಲೋ ಎಂದು ದಿನಾ ಕೇಳುತ್ತಿದ್ದ. ಇವಳು ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದು, ಸದ್ಯಕ್ಕೆ ಆರರಲ್ಲಿ ಇಟ್ಟಿದ್ದೀನಿ ಎನ್ನುತ್ತಿದ್ದಳು.

ಅಷ್ಟರಲ್ಲಿ ಅವಳ ಸ್ವಂತ ಅಕ್ಕನಿಗೇ ಜ್ವರ ಬಂತು. ಎರಡು ಮನೆ ಆಚೆ ಒಬ್ಬಳೇ ಇದ್ದ ಅಕ್ಕ, ಒಂದು ಕಾಲದಲ್ಲಿ ಶಾಲೆಯ ಗಂಟೆ ಹೊಡೆಯುತ್ತಿದ್ದವಳು. ಮೂರನೇ ದಿನಕ್ಕೆ ಮಂಚದಿಂದ ಬಾಗಿಲವರೆಗೆ ನಡೆದರೆ ಏದುಸಿರು. ಆಸ್ಪತ್ರೆಗೆ ನಡಿ ಎಂದರೆ ಗೋಡೆ ಕಡೆ ತಿರುಗಿ ಮಲಗಿದಳು.

"ಅಲ್ಲಿ ಹತ್ತಕ್ಕೆ ನಾಲ್ಕು ಅಂದವಳು ನೀನೇ ತಾನೆ? ಮನೇಲಿ ಹತ್ತಕ್ಕೆ ಎಷ್ಟು ಅಂತ ನೀನು ಹೇಳಿಲ್ಲ. ಅದಕ್ಕೆ ನಾನು ಇಲ್ಲೇ ಇರ್ತೀನಿ."

ಲಾಂಡ್ರಿಯಮ್ಮ ಊರಿಗೆಲ್ಲ ಹಂಚಿದ ಹೆದರಿಕೆ ಅಕ್ಕನ ಮಂಚದ ಮೇಲೆ ಬಂದು ಕಾಲು ಚಾಚಿ ಮಲಗಿತ್ತು.

ಅದೇ ದಿನ ಆರೋಗ್ಯ ಇಲಾಖೆಯಿಂದ ಒಬ್ಬ ಮೇಡಂ ಮನೆ ಮನೆ ಎಣಿಸಲು ಬಂದಳು. ನಮ್ಮ ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ನಾನು ಆಸ್ಪತ್ರೆಯವಳೇ, ನನಗೆ ಗೊತ್ತಾಗದಿರುತ್ತದೆಯೇ ಎಂದು ಲಾಂಡ್ರಿಯಮ್ಮ ಸೆರಗು ಬಿಗಿದುಕೊಂಡು ಹೇಳಿದಳು. ಕಳೆದ ಎರಡು ತಿಂಗಳಲ್ಲಿ ಮೈಕೈ ನೋವು, ಕೆಮ್ಮು ಏನಾದರೂ ಇತ್ತೇ ಎಂದು ಮೇಡಂ ಕೇಳಿದಳು. ಇತ್ತು; ನಾಲ್ಕು ದಿನ ಬಿಸಿನೀರು ಕುಡಿದು ಕೆಲಸಕ್ಕೂ ಹೋಗಿದ್ದಳು. ಅದನ್ನೆಲ್ಲ ಯಾರಾದರೂ ಜ್ವರ ಅನ್ನುತ್ತಾರೆಯೇ? ಮೇಡಂ ಇವಳ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟಳು. ಗೆರೆ ಮೂಡಿತು.

"ಅದೂ ಇದೇ ಜ್ವರ ಕಣಮ್ಮ. ನಿಮಗೆ ಬಂದು ಹೋಗಿದೆ," ಎಂದಳು ಮೇಡಂ. "ಆಸ್ಪತ್ರೆಗೆ ಬರೋರು ತೀರಾ ಜೋರಾದವರು ಮಾತ್ರ. ನೀವು ಅವರನ್ನಷ್ಟೇ ಎಣಿಸಿದ್ರಿ. ಬಿಸಿನೀರು ಕುಡಿದು ಎದ್ದವರನ್ನ ಯಾರು ಎಣಿಸ್ತಾರೆ?"

ಎರಡು ವಾರ ಊರಿನ ಸಾವು ಎಣಿಸಿದವಳು ತನ್ನನ್ನೇ ಎಣಿಸಿರಲಿಲ್ಲ! ಪ್ರಶ್ನೆ ಕೇಳುತ್ತ ಹೊರಟ ಮೇಡಂ ಹಿಂದೆ ಬಾಲದ ಹಾಗೆ ಅವಳೂ ಬೀದಿ ಸುತ್ತಿದಳು. ಟೈಲರನ ಪಟ್ಟಿಯ ಮೇಲೂ ಗೆರೆ. ಸಂಜೆಗೆ ಮೇಡಂ ಕೂಡಿಸಿ ಹೇಳಿದಳು: ಅಕ್ಕನನ್ನು ಬಿಟ್ಟು ಬೀದಿಯಲ್ಲಿ ಜ್ವರ ಬಂದದ್ದು ತೊಂಬತ್ತು ಜನಕ್ಕೆ, ಹೋದವರು ಮೂವರು. ಆ ಮೂವರೂ ಎಪ್ಪತ್ತು ದಾಟಿದವರು, ಮೂವರೂ ಆಸ್ಪತ್ರೆಯ ಮುಖ ನೋಡದವರು. ಎಪ್ಪತ್ತು ದಾಟಿ ಜ್ವರ ಬಂದವರೇ ಹನ್ನೊಂದು ಜನ. ಒಂದೇ ಜ್ವರ, ಆದರೆ ವಯಸ್ಸು ನೋಡಿ ಬೇರೆ ಬೇರೆ ಮುಖ ತೋರಿಸುತ್ತದೆ ಎಂದಳು.

ಲಾಂಡ್ರಿಯಮ್ಮ ಚಪ್ಪಲಿ ಹಾಕಿಕೊಳ್ಳದೆ ಅಕ್ಕನ ಮನೆಗೆ ಓಡಿದಳು. ತಾನು ಎಣಿಸಿದ್ದು ತಪ್ಪು, ಆ ಜ್ವರ ತನಗೂ ಬಂದು ಹೋಗಿದೆ, ಅದು ಅಷ್ಟು ಕೆಟ್ಟದ್ದಲ್ಲ ಎಂದಳು. ಅಷ್ಟು ಕೆಟ್ಟದ್ದಲ್ಲ ಅಂದರೆ ಆಸ್ಪತ್ರೆ ಯಾಕೆ ಎಂದು ಅಕ್ಕ ಮತ್ತೆ ಗೋಡೆ ಕಡೆ ತಿರುಗಿದಳು. ಹಾಗಲ್ಲ, ನಿನ್ನ ವಯಸ್ಸಿನವರಲ್ಲಿ ಹನ್ನೊಂದಕ್ಕೆ ಮೂವರು, ಅದೂ ಮನೆಯಲ್ಲೇ ಉಳಿದವರು ಎಂದಳು ಇವಳು. ಅಕ್ಕ ನಿಧಾನವಾಗಿ ಈ ಕಡೆ ತಿರುಗಿದಳು.

"ಸರಿ. ಅಲ್ಲಿಗೆ ಬಂದ್ರೆ ನಾನು ಉಳೀತೀನಾ? ಹೇಳು, ನೀನೇ ತಾನೆ ಎಣಿಸೋಳು."

ನಾಲಿಗೆಯ ತುದಿಗೆ ಎಷ್ಟೋ ಅಂಕಿಗಳು ಬಂದವು. ಹತ್ತಕ್ಕೆ ಒಂಬತ್ತು ಜನ ಉಳೀತಾರೆ ಅಂದುಬಿಟ್ಟರೆ ಅಕ್ಕ ಎದ್ದು ಬರುತ್ತಾಳೇನೋ. ಲಾಂಡ್ರಿಯಮ್ಮ ಅವನ್ನೆಲ್ಲ ನುಂಗಿಕೊಂಡಳು.

"ಗೊತ್ತಿಲ್ಲ ಅಕ್ಕಾ. ಅಲ್ಲಿ ಆಕ್ಸಿಜನ್ ಇದೆ, ಇಲ್ಲಿಲ್ಲ. ನನಗೆ ಗೊತ್ತಿರೋದು ಇಷ್ಟೇ."

ಅಕ್ಕ ಅವಳ ಮುಖವನ್ನೇ ನೋಡಿದಳು. ಅರವತ್ತು ವರ್ಷದಲ್ಲಿ ಈ ತಂಗಿಯ ಬಾಯಿಂದ ಗೊತ್ತಿಲ್ಲ ಎಂಬ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ.

"ಹಾಗಾದ್ರೆ ನಿಜಾನೇ ಹೇಳ್ತಿದ್ದೀಯ," ಎಂದಳು. "ಕೈ ಕೊಡು."

ಅಕ್ಕ ಹದಿನಾಲ್ಕು ದಿನ ವಾರ್ಡಿನಲ್ಲಿದ್ದಳು. ಅದರಲ್ಲಿ ಆರು ದಿನ ಮೂಗಿಗೆ ಆಕ್ಸಿಜನ್ ನಳಿಕೆ. ಒಣಗಿದ ಕಡ್ಡಿಯಂತಾಗಿ, ಆದರೆ ತನ್ನ ಕಾಲ ಮೇಲೆ ನಡೆದುಕೊಂಡೇ ಮನೆಗೆ ಬಂದಳು. ಮಾರನೇ ದಿನ ಮೇಡಂ ತನ್ನ ಹಾಳೆ ಪೂರ್ತಿ ಮಾಡಿಕೊಳ್ಳಲು ಬಂದು ವಯಸ್ಸು ಕೇಳಿದಾಗ ಅಕ್ಕ ಕೂದಲು ಸರಿಮಾಡಿಕೊಂಡು, ಅರವತ್ತೆಂಟು ಬರ್ಕೋಮ್ಮ ಎಂದಳು.

"ಎಪ್ಪತ್ಮೂರು," ಎಂದಳು ಲಾಂಡ್ರಿಯಮ್ಮ.

"ಇನ್ನೂ ಎರಡು ಸೇರಿಸಿಬಿಡು. ಹೇಗಿದ್ರೂ ನಿನಗೆ ಎಣಿಸೋಕೆ ಬರಲ್ಲ," ಎಂದು ಅಕ್ಕ ಎರಡು ದಿನ ಮಾತು ಬಿಟ್ಟಳು.

ಮೇಡಂ ನಗುತ್ತಲೇ ಎಪ್ಪತ್ತು ದಾಟಿದವರ ಸಾಲಿಗೆ ಹೋಗಿ, ಹನ್ನೊಂದನ್ನು ಹೊಡೆದು ಹನ್ನೆರಡು ಎಂದು ಬರೆದಳು. ಮೂರನ್ನು ಮುಟ್ಟಲಿಲ್ಲ.