ಡೈನೋಸಾರ್ ಕಿವಿಗೆ ಬೀಳದ ಮಾತು

ಹೋದ ವಾರ ನಮ್ಮ ಮನೆಯಲ್ಲಿ ತೊಗರಿಬೇಳೆ ಸೀದು ಕರಕಲಾಯಿತು. ನಾನು ಹಾಲ್‌ನಲ್ಲಿ ಕ್ರಾಸ್‌ವರ್ಡ್ ಬಿಡಿಸುತ್ತ ಕೂತಿದ್ದೆ. ಕುಕ್ಕರ್ ಸೀಟಿಯನ್ನೇ ಹೊಡೆಯಲಿಲ್ಲ ಅಂತ ನನ್ನ ವಾದ. ಓಣಿಯೆಲ್ಲ ಕೇಳಿಸಿತು ಅಂತ ಉಳಿದವರ ವಾದ. ಯಾರನ್ನು ನಂಬುತ್ತೀರಿ?

ತೀರ್ಪು ಕೊಟ್ಟದ್ದು ಡೈನೋಸಾರ್.

ಮೂರನೇ ಕ್ಲಾಸಿನ ಮೊಮ್ಮಗಳು ಅನ್ವಿಗೆ ಶಾಲೆಯಲ್ಲಿ ಸ್ಪೀಚ್ ಇತ್ತು. ಡೈನೋಸಾರ್‌ಗಳಿಗೆ ಏನು ಕೇಳಿಸುತ್ತಿತ್ತು, ಏನು ಕೇಳಿಸುತ್ತಿರಲಿಲ್ಲ. ಕೋಚಿಂಗ್ ನನ್ನದು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಎಲೊಕ್ಯೂಷನ್ ಈ ಗಡಿಯೂರು ಉಮರ್ಗಾದಲ್ಲಿ ಮತ್ಯಾವುದಕ್ಕೆ ಬರಬೇಕು? (ಕಾಯಿಪಲ್ಯೆಯವನ ಹತ್ತಿರ ಪ್ರೊನನ್ಸಿಯೇಷನ್ ನಡೆಯುವುದಿಲ್ಲ.)

ಫೋನ್ ಹಿಡಿದು ಓದುತ್ತ ಕೂತೆವು. ಡೈನೋಸಾರ್‌ಗೆ ನಮ್ಮ ಹಾಗೆ ಹೊರಗೆ ಚಾಚಿದ ಕಿವಿ ಇರಲಿಲ್ಲವಂತೆ. ಹಕ್ಕಿಗಿರುವ ಹಾಗೆ ಬರೀ ತೂತು. ಕಿವಿ ಎಂದೋ ಮಣ್ಣಾದರೂ ತಲೆಬುರುಡೆಯೊಳಗೆ ಅದರ ಜಾಗ ಉಳಿದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಒಳಗಿನ ಕೊಳವೆ ಎಷ್ಟು ಉದ್ದ ಅಂತ ಅಳೆದು, ಹಕ್ಕಿ, ಮೊಸಳೆಗಳ ಕಿವಿಯ ಜೊತೆ ಹೋಲಿಸಿ ಅಂದಾಜು ಮಾಡುತ್ತಾರೆ. ದೊಡ್ಡ ಡೈನೋಸಾರ್‌ಗಳಿಗೆ ದಪ್ಪ ದನಿ ಚೆನ್ನಾಗಿ ಕೇಳಿಸುತ್ತಿತ್ತಂತೆ. ದೂರದ ಗುಡುಗು, ಇನ್ನೊಂದು ಡೈನೋಸಾರ್‌ನ ಹೂಂಕಾರ. ತೆಳು ದನಿ, ಕೀಚಲು ದನಿ? ಅದು ಕಷ್ಟ.

"ಅಂದ್ರ ಬೀರಪ್ಪನ ಗುಡಿ ಡೊಳ್ಳು ಕೇಳ್ತದ, ಪೀಪಿ ಕೇಳಂಗಿಲ್ಲ," ಅಂದಳು ಅನ್ವಿ.

ಇಷ್ಟು ಚೆನ್ನಾಗಿ ಯಾವ ವಿಜ್ಞಾನಿ ಹೇಳಿಯಾನು?

ಅವಳು ಅಲ್ಲಿಗೆ ಬಿಡಲಿಲ್ಲ. ದಪ್ಪಗೆ ಶುರುವಾಗಿ ಮೆಲ್ಲನೆ ತೆಳುವಾಗುತ್ತ ಏರುವ ಒಂದು ದನಿಯನ್ನು ಫೋನಿನಲ್ಲಿ ಹುಡುಕಿದಳು. "ಅಜ್ಜಿ, ನೀ ಡೈನೋಸಾರ್. ಕೇಳೂತನಕಾ ಕೈ ಮ್ಯಾಲ ಹಿಡಿ."

ಹಿಡಿದೆ. ಯೆಣೆಗೂರ ಕಡೆಯಿಂದ ಬರುವ ಲಾರಿಯ ಹಾಗೆ ಗೂಂ ಅಂತ ಶುರುವಾಯಿತು. ಏರಿತು. ಮುಗಿಯಿತು. ಕೈ ಇಳಿಸಿದೆ.

"ಆಯ್ತಲ್ಲ, ಮುಂದಿಂದು ಹಚ್ಚು."

ಅನ್ವಿ ಎರಡೂ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅಡುಗೆಮನೆಯಿಂದ ಸೊಸೆ ವೈಶಾಲಿ ಹಿಟ್ಟಿನ ಕೈಯಲ್ಲೇ ಓಡಿಬಂದು ಫೋನ್ ಕಸಿದು ಬಂದ್ ಮಾಡಿದಳು.

"ಕಿವಿ ಹರದು ಹೋಗ್ಲಾಕತ್ತಾವ. ನಿಮಗೇನೂ ಆಗ್ಲಿಲ್ಲೇನ್ರಿ ಅತ್ತಿ?"

"ಏನಾಗಬೇಕು? ಅದು ಆಗಲೇ ನಿಂತದಲ್ಲ."

"ನಿಂತಿದ್ದಿಲ್ಲ ಅಜ್ಜಿ," ಅಂದಳು ಅನ್ವಿ. "ನಿನಗಷ್ಟ ನಿಂತಿತ್ತು."

ವೈಶಾಲಿ ಅಲ್ಲೇ ನೆಲದ ಮೇಲೆ ಕೂತಳು. ನಿಲಂಗಾದ ಹುಡುಗಿ. ಮರಾಠಿಯಲ್ಲೂ ಕನ್ನಡದಲ್ಲೂ ದನಿ ದಾರದಷ್ಟು ತೆಳು. ನನ್ನ ಮಗನದು ಟ್ರ್ಯಾಕ್ಟರಿನ ದನಿ. ಅವನು ಗೇಟಿನಲ್ಲಿ ಮಾತಾಡಿದರೆ ನನಗೆ ಮಾಳಿಗೆಯ ಮೇಲೆ ಕೇಳಿಸುತ್ತದೆ.

"ಅತ್ತಿ, ಐತಾರ ರೊಟ್ಟಿ ಬಡಿಯೂವಾಗ ಉದಗೀರ ಬಗ್ಗೆ ಕೇಳಿದ್ನಲ್ಲ. ಅದಾದ್ರೂ ಕೇಳ್ಸಿತ್ತೇನ್ರಿ?"

"ಯಾವ ಉದಗೀರ?"

ಆಗ ಬಿಡಿಸಿ ಹೇಳಿದಳು. ಅವಳಿಗೆ ಉದಗೀರದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ವಾರವೆಲ್ಲ ಅಲ್ಲಿ ರೂಮು, ಶನಿವಾರ ಎಸ್‌ಟಿ ಬಸ್ಸು ಹಿಡಿದು ಮನೆಗೆ. ಅಲ್ಲಿಯತನಕ ಅನ್ವಿ ನನ್ನ ಹತ್ತಿರ. ಹೋಗಲೇ ಅಂತ ನನ್ನ ಬೆನ್ನಿಗೆ ಕೇಳಿದ್ದಳು. ನಾನು ಸುಮ್ಮನಿದ್ದೆ.

ನಮ್ಮ ಕಡೆ ಹಿರಿಯರು 'ಬೇಡ' ಅನ್ನುವುದಿಲ್ಲ. ಸುಮ್ಮನಾಗುತ್ತಾರೆ. ಅಷ್ಟಾದರೆ ಮಾತು ಮುಗಿಯಿತು, ಎರಡನೇ ಸಲ ಕೇಳುವುದು ಉದ್ಧಟತನ. ಬಹಳ ಪೊಲೈಟ್ ಸಿಸ್ಟಮ್. ಒಂದೇ ಡಿಫೆಕ್ಟ್: 'ಬೇಡ' ಅನ್ನುವುದಕ್ಕೂ ಕಿವುಡುತನಕ್ಕೂ ಮುಖ ಒಂದೇ.

"ಇವತ್ತ ಸಂಜಿಗೆ ಫೋನ್ ಮಾಡಿ ಬರಂಗಿಲ್ಲಂತ ಹೇಳಾಕಿ ಇದ್ದೆ," ಅಂದಳು.

"ನಿನ್ನ ಗಂಡ ಏನಂದ?"

"ಅವ್ವ ಹೂಂ ಅಂದ್ರ ನಂದೂ ಹೂಂ ಅಂದಾರ."

(ಟ್ರ್ಯಾಕ್ಟರ್ ಅವನದು, ಸ್ಟೇರಿಂಗ್ ಮಾತ್ರ ಬೇರೆಯವರ ಕೈಯಲ್ಲಿ.)

"ಹೋಗು," ಅಂದೆ.

ಅವಳು ಏಳಲಿಲ್ಲ. ಅನ್ವಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅರ್ಥವಾಯಿತು. ಕುಕ್ಕರ್ ಕೇಳಿಸದವಳಿಗೆ, ಜ್ವರ ಬಂದ ಮಗು ಸಣ್ಣಗೆ ಕರೆದರೆ ಕೇಳಿಸುತ್ತದೆಯೇ?

ಕೆಲವು ಡೈನೋಸಾರ್‌ಗಳಿಗೆ ಮರಿಗಳ ತೆಳು ಕೂಗು ಕೇಳಿಸುತ್ತಿದ್ದಿರಬಹುದು ಅಂತಲೂ ಫೋನಿನಲ್ಲಿ ಓದಿದ್ದೆವು. ಖಾತ್ರಿ ಯಾರಿಗೂ ಇಲ್ಲ. ಆದರೆ ಗೂಡು ಕಾಯುವವರಿಗೆ ಅದೊಂದು ಕೇಳಿಸದಿದ್ದರೆ ಗುಡುಗು ಕೇಳಿಸಿ ಏನು ಉಪಯೋಗ?

"ಮಷೀನ್ ಹಾಕ್ಕೋತೀನಿ," ಅಂದೆ. ಡಾಕ್ಟರು ಎಂದೋ ಹೇಳಿದ್ದರು. ಕಿವಿಯ ಹಿಂದೆ ಹುಣಸೇಬೀಜ ಅಂಟಿಸಿಕೊಂಡ ಹಾಗೆ ಕಾಣುತ್ತದೆ ಅಂತ ನಾನೇ ಮುಂದೂಡಿದ್ದೆ. (ವ್ಯಾನಿಟಿಗೆ ರಿಟೈರ್‌ಮೆಂಟ್ ಎಲ್ಲಿದೆ?)

"ಖರೇನ್ರಿ?"

"ಖರೇ. ಇನ್ನ ನೀ ಒಳಗ ನಿಂತು ಬೈಯೂದೂ ಕೇಳ್ತದ ನೋಡು."

"ಹಂಗಾದ್ರ ವಿಚಾರ ಮಾಡಬೇಕಾಗ್ತದ್ರಿ," ಅಂದಳು ವೈಶಾಲಿ. ಆಮೇಲೆ ಕೈ ತೊಳೆದುಕೊಂಡು ಉದಗೀರಕ್ಕೆ ಫೋನ್ ಹಚ್ಚಿದಳು. ಬರುತ್ತೇನೆ ಅಂದಳು.

ಈಗ ಮಷೀನ್ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅನ್ವಿಯ ಪೆನ್ಸಿಲ್ ಗೀಚುವುದು ಕೇಳಿಸುತ್ತದೆ. ಗುಬ್ಬಿಗಳು ಊರು ಬಿಟ್ಟು ಹೋಗಿಲ್ಲ ಅಂತಲೂ ಗೊತ್ತಾಯಿತು.

ಆದರೆ ಒಂದು ಹಳೆಯ ಮಾತು ನಿದ್ದೆ ಕೆಡಿಸಿದೆ. ಮದುವೆಯಾದ ಹೊಸದರಲ್ಲಿ ನಾನೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಸೊಲ್ಲಾಪುರಕ್ಕೆ ಹೋಗಿ ಬಿ.ಎಡ್. ಮಾಡಲೇ ಅಂತ ಅತ್ತೆಯನ್ನು ಕೇಳಿದ್ದೆ. ಕಾನ್ವೆಂಟಿನಲ್ಲಿ ಕಲಿಸಿದ ಮೆತ್ತಗಿನ ದನಿಯಲ್ಲಿ. ಅತ್ತೆ ಸುಮ್ಮನಿದ್ದರು. ನಾನು ಎರಡನೇ ಸಲ ಕೇಳಲಿಲ್ಲ. ಬಿ.ಎಡ್. ಅಲ್ಲಿಗೇ ಮುಗಿಯಿತು.

ರೇಡಿಯೊದಲ್ಲಿ ಭಜನೆ ಬಂದರೆ ಅವರು ಪೆಟ್ಟಿಗೆಗೆ ಕಿವಿ ಹಚ್ಚಿಯೇ ಕೂರುತ್ತಿದ್ದರು. ಭಕ್ತಿ ಅಂದುಕೊಂಡಿದ್ದೆ.

ಅತ್ತೆ ನಿಜಕ್ಕೂ ಬೇಡ ಅಂದಿದ್ದರೇ?