ಅರ್ಧ ಗಂಟೆ ಹಿಂದಿನ ಉತ್ತರ

ಕೊರೊನಾ ಮುಗಿದ ಮರುವರ್ಷ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ರಕ್ತ ಸಂಗ್ರಹ ಕೇಂದ್ರ ನಡೆಸುತ್ತಿದ್ದ ಖಾಸಗಿ ಸಂಸ್ಥೆಯೊಂದರಲ್ಲಿ ನಾನು ಡೇಟಾಬೇಸ್ ನಿರ್ವಾಹಕಿಯಾಗಿದ್ದೆ. ಯಾವ ಕೇಂದ್ರದಲ್ಲಿ ಯಾವ ಗುಂಪಿನ ರಕ್ತ ಎಷ್ಟು ಬಾಟಲಿ ಇದೆ ಎಂದು ಮೂರೂ ಕಡೆ ಕಂಪ್ಯೂಟರಿನಲ್ಲಿ ತೋರಿಸುವುದು ನಮ್ಮ ವ್ಯವಸ್ಥೆಯ ಕೆಲಸ. ಅದೋ ವಿಪರೀತ ನಿಧಾನ. ಉತ್ತರ ಬರಲು ನಿಮಿಷಗಟ್ಟಲೆ ಕಾಯಬೇಕು. ಬೈಗುಳ ಮಾತ್ರ ನನಗೆ ಕೂಡಲೇ ಬರುತ್ತಿತ್ತು.

ವೇಗ ಹೆಚ್ಚಿಸುವ ಬಗ್ಗೆ ಓದಿದಲ್ಲೆಲ್ಲ ಒಂದೇ ಉಪದೇಶ: ಹೆಚ್ಚು ಸಲ ಓದುವ, ಅಪರೂಪಕ್ಕೆ ಬದಲಾಗುವ ಮಾಹಿತಿಯನ್ನು ಕ್ಯಾಶ್‌ನಲ್ಲಿಡಿ. ಅಂದರೆ, ಪ್ರತಿ ಸಲ ಮೂಲ ಡೇಟಾಬೇಸನ್ನು ಕೇಳದೆ, ಒಮ್ಮೆ ಬಂದ ಉತ್ತರವನ್ನೇ ಸ್ವಲ್ಪ ಹೊತ್ತು ಎಲ್ಲರಿಗೂ ತೋರಿಸುವುದು. ನಮ್ಮ ದಾಸ್ತಾನೂ ಅಂಥದ್ದೇ. ಓ ನೆಗೆಟಿವ್ ಅಂತೂ ದಿನಗಟ್ಟಲೆ ಕದಲುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಹೊಸ ಅಂಕಿ ಬರುವಂತೆ ಹೊಂದಿಸಿದೆ. ಉತ್ತರ ಥಟ್ಟನೆ ಬರತೊಡಗಿತು. ಮ್ಯಾನೇಜರು ಪೇಢೆ ತರಿಸಿದರು. ನಾನು ಎರಡು ತಿಂದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಮೇಡ್ಲೇರಿಯ ಶಾಂತವ್ವ ಎಂಬಾಕೆಗೆ ರಾಣೇಬೆನ್ನೂರಿನ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾಯಿತು. ರಕ್ತಸ್ರಾವ ನಿಲ್ಲಲಿಲ್ಲ. ಆಕೆಯದು ಓ ನೆಗೆಟಿವ್. ನಮ್ಮ ರಾಣೇಬೆನ್ನೂರು ಕೇಂದ್ರದಲ್ಲಿ ಅದು ಇರಲಿಲ್ಲ. ಹಾವೇರಿಯಲ್ಲಿ ಎರಡು ಬಾಟಲಿ, ಬ್ಯಾಡಗಿಯಲ್ಲಿ ಎರಡು ಎಂದು ಕಂಪ್ಯೂಟರ್ ತೋರಿಸಿತು. ಬ್ಯಾಡಗಿ ಹತ್ತಿರ, ಆದರೆ ಅಂದು ಮೆಣಸಿನಕಾಯಿ ಮಾರುಕಟ್ಟೆಯ ದಿನ, ರಸ್ತೆ ತುಂಬ ಲಾರಿ. ಹಾವೇರಿಗೆ ನೇರ ಹೆದ್ದಾರಿ. ಕೇಂದ್ರದ ಟೆಕ್ನಿಶಿಯನ್ ಗಿರಿಜಾ, ಶಾಂತವ್ವನ ಗಂಡ ಫಕ್ಕೀರಪ್ಪನವರಿಗೆ, “ಹಾವೇರಿಗೆ ಹೋಗ್ರಿ, ಲಗೂ ಆಗತೈತಿ” ಎಂದಳು.

ಹಾವೇರಿಯಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಗಿರಿಜಾ ನೋಡುವ ಇಪ್ಪತ್ತು ನಿಮಿಷ ಮೊದಲೇ ಎರಡನ್ನೂ ಅಪಘಾತದ ಗಾಯಾಳುವಿಗೆ ಕೊಟ್ಟಾಗಿತ್ತು. ಡೇಟಾಬೇಸಿನಲ್ಲಿ ಸೊನ್ನೆ, ನನ್ನ ಕ್ಯಾಶ್‌ನಲ್ಲಿ ಇನ್ನೂ ಎರಡು. ಫಕ್ಕೀರಪ್ಪ ಅಲ್ಲಿಂದ ಬ್ಯಾಡಗಿಗೆ ಧಾವಿಸಿ, ರಕ್ತ ಪಡೆದು, ಲಾರಿಗಳ ನಡುವೆ ಸಿಕ್ಕಿಬಿದ್ದು ವಾಪಸಾಗುವಷ್ಟರಲ್ಲಿ ಶಾಂತವ್ವ ತೀರಿಕೊಂಡಿದ್ದಳು. ಕೂಸು ಉಳಿಯಿತು.

ಮರುದಿನ ರಾಣೇಬೆನ್ನೂರಿಗೆ ಹೋದೆ. ನಾಚಿಕೆಯಿಲ್ಲದೆ ಗಿರಿಜಾಳ ಮೇಲೆಯೇ ಹರಿಹಾಯ್ದೆ: “ಒಂದು ಫೋನ್ ಹಚ್ಚಿ ಕೇಳಾಕ ಏನಾಗಿತ್ತ ನಿಂಗ?”

“ಮೊದಲ ಕೇಳತಿದ್ದೆ ಅಲ್ರೀ ಮೇಡಂ. ಕಂಪ್ಯೂಟರ್‌ನ್ಯಾಗ ಬರೂತನಕ ಸುಮ್ಮ ಯಾಕ ಕುಂದ್ರೂದಂತ ಎಲ್ಲಾ ಕಡೆ ಫೋನ್ ಹಚ್ಚತಿದ್ದೆ. ನೀವು ಲಗೂ ಮಾಡಿದ ಮ್ಯಾಲ ಬಿಟ್ಟಬಿಟ್ಟೆ.” ಅವಳು ಅಳುತ್ತಿದ್ದಳು.

ಕ್ಯಾಶ್ ಹಾಕುವ ಮೊದಲು ನಾನು ಒಂದೇ ಒಂದು ದಿನ ಅವಳ ಪಕ್ಕ ಕೂತಿದ್ದರೂ ಆ ಫೋನು ನನ್ನ ಕಣ್ಣಿಗೆ ಬೀಳುತ್ತಿತ್ತು. ಅದೇ ಸಂಜೆ ಕ್ಯಾಶ್ ತೆಗೆದುಹಾಕಿದೆ.

ತಿಂಗಳಾದ ಮೇಲೆ ಫಕ್ಕೀರಪ್ಪ ಕಚೇರಿಗೆ ಬಂದರು. ನಡೆದದ್ದನ್ನೆಲ್ಲ ಮುಚ್ಚಿಡದೆ ವಿವರಿಸಿದೆ. ಪೂರ್ತಿ ಕೇಳಿ, “ಖರೇ ಹೇಳ್ರಿ ಅಕ್ಕಾರ. ಮೊದಲಿನಂಗ ನಿಧಾನ ಇದ್ದಿದ್ರ, ನಾ ಸೀದಾ ಬ್ಯಾಡಗಿಗೆ ಹೋಗತಿದ್ನಿಲ್ಲೋ?” ಎಂದರು.

“ಹೌದ್ರಿ” ಎಂದೆ.

“ಇಷ್ಟ ಕೇಳೂದಿತ್ತು ನೋಡ್ರಿ” ಎಂದು ಎದ್ದು ಹೋದರು.

ನಾನು ಓದಿದ ಸಲಹೆಯಲ್ಲಿ ತಪ್ಪಿರಲಿಲ್ಲ. ಅದು ನಮ್ಮ ಮೂರು ಊರಿಗೆ ಹೊಂದುತ್ತದೆಯೇ ಎಂದು ನೋಡುವುದು ಅದನ್ನು ಬರೆದವರ ಕೆಲಸವಲ್ಲ, ನನ್ನದು. ನಾನು ನೋಡಿರಲಿಲ್ಲ.